ಎರಡನೇ ಸ್ಕ್ರೀನಿನ ಮೊದಲ ಪಂಕ್ತಿ

ಆ ಮಾಲ್‌ನ ಮೂರನೇ ಮಹಡಿಯಲ್ಲಿ ಈಗ ಮದುವೆಗಳಾಗುತ್ತವೆ. ಮೊದಲು ಅಲ್ಲಿ ಸಿನಿಮಾ ಟಾಕೀಸಿತ್ತು. ಅಲ್ಲಿ ನಡೆದ ಮೊಟ್ಟಮೊದಲ ಮದುವೆ ನನ್ನ ತಂಗಿಯ ಮೊಮ್ಮಗಳದು. ಜಾಗ ಹುಡುಕಿಕೊಟ್ಟವಳು ನಾನು. ಈಗ ಎಲ್ಲರೂ ಭೇಷ್ ಅನ್ನುತ್ತಾರೆ. ಆವತ್ತು ಅರ್ಧ ಗಂಟೆ ಅದೇ ಜನ ನನ್ನನ್ನು ಹಸಿಯಾಗಿ ತಿನ್ನಲು ತಯಾರಾಗಿದ್ದರು. ಆ ಅರ್ಧ ಗಂಟೆಯನ್ನು ಹೇಳಬೇಕಾದರೆ ಮೊದಲು ಆ ಜಾಗದ ಕತೆ ಹೇಳಬೇಕು. ಇಲ್ಲದಿದ್ದರೆ ನೀರು ಎಲ್ಲಿಂದ ಹಾರಿ ಯಾರ ತಲೆಯ ಮೇಲೆ ಬಿತ್ತು ಅನ್ನುವುದು ಗೊತ್ತಾಗುವುದಿಲ್ಲ.

ನಾನು ಮದುವೆಯಾಗಿ ಬನ್ನಿಮಂಟಪದ ಕಡೆಗೆ ಬಂದಾಗ ಅಲ್ಲಿ ಸೌದೆ ಡಿಪೋ ಇತ್ತು. ಹಸಿ ಸೌದೆ ಕೊಟ್ಟು ಒಣಗಿದ್ದು ಅನ್ನುತ್ತಿದ್ದ ಡಿಪೋದವನ ಜೊತೆ ವಾರಕ್ಕೊಮ್ಮೆ ಜಗಳ. ಗ್ಯಾಸು ಬಂತು, ಡಿಪೋ ಹೋಯಿತು, ಜಾಗ ಬಹಳ ಕಾಲ ಪಾರ್ಥೇನಿಯಂ ಬೆಳೆದುಕೊಂಡು ಬಿದ್ದಿತ್ತು. ಆಮೇಲೆ ಒಂದು ದಿನ ತಗಡು ನಿಲ್ಲಿಸಿ ಗುಂಡಿ ತೋಡಿದರು. ಗುಂಡಿಯಿಂದ ಮಾಲ್ ಎದ್ದಿತು.

ಬಾಗಿಲು ತೆರೆದ ತಿಂಗಳು ಜನ ಸಾಮಾನು ಕೊಳ್ಳಲು ಬರಲಿಲ್ಲ. ಓಡುವ ಮೆಟ್ಟಿಲು ನೋಡಲು ಬಂದರು. ನನ್ನ ತಂಗಿ ಕಡಕೊಳದಿಂದ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಳು. ಮೆಟ್ಟಿಲಿನ ಮುಂದೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು.

"ಯಾಕೆ ಬಿಚ್ತೀಯೆ, ದೇವಸ್ಥಾನವಾ ಇದು?" ಎಂದೆ.

"ಅಂಗಲ್ಲ ಕಣಕ್ಕ, ಜಾರಿ ಬಿದ್ರೆ ಕಾಲು ಹೋಯ್ತದೆ. ಚಪ್ಲಿನೂ ಯಾಕೆ ಕಳ್ಕೊಳ್ಳದು?"

ಮೇಲೆ ಹೋದವಳು ಇಳಿಯುವ ಮೆಟ್ಟಿಲಿಗೆ ಕಾಲಿಡಲು ಒಪ್ಪಲಿಲ್ಲ. ಹತ್ತಿದ ಮೆಟ್ಟಿಲಲ್ಲೇ ಇಳಿಯುತ್ತೇನೆ ಎಂದು ಹಟ. ಅದು ಮೇಲಕ್ಕೆ ಓಡುತ್ತಿದೆ, ಇವಳು ಕೆಳಕ್ಕೆ ಓಡುತ್ತಿದ್ದಾಳೆ, ಇದ್ದಲ್ಲೇ ಇದ್ದಾಳೆ. ಸುತ್ತ ಜನ ಚಪ್ಪಾಳೆ ಹೊಡೆದರು. ಕೊನೆಗೆ ಯಾರೋ ಗುಂಡಿ ಒತ್ತಿ ಮೆಟ್ಟಿಲನ್ನೇ ನಿಲ್ಲಿಸಿದರು.

ನನಗೆ ಅಲ್ಲಿ ಕೆಲಸ ಸಿಕ್ಕಿದ್ದು ಬಾಯಿಯಿಂದ. ಟಾಕೀಸಿನ ಬಾಗಿಲಲ್ಲಿ ಹೆಂಗಸರ ಬ್ಯಾಗು ನೋಡಲು ಹೆಂಗಸೇ ಬೇಕಿತ್ತು. ವಯಸ್ಸಾಗಿದ್ದರೂ ಪರವಾಗಿಲ್ಲ, ಬಾಯಿ ಜೋರಿರಬೇಕು ಎಂದರು. ಎರಡೂ ನನ್ನ ಹತ್ತಿರ ಇದ್ದವು. ಹೊರಗಿನ ತಿಂಡಿ ಒಳಗೆ ಹೋಗಬಾರದು, ಅಷ್ಟೇ ಕೆಲಸ. ಪ್ಯಾಂಟು ಶರಟು ಕೊಟ್ಟರು. ಐವತ್ತು ದಾಟಿದ ಮೇಲೆ ಪ್ಯಾಂಟು! ಮೊದಲ ದಿನ ಮೇಲೊಂದು ಸೀರೆ ಸುತ್ತಿಕೊಂಡು ಹೋಗಿ ಅಲ್ಲಿ ಬಿಚ್ಚಿಟ್ಟೆ. ಮೂರನೇ ದಿನ ಅದಕ್ಕೆ ನಾಲ್ಕು ಜೇಬಿವೆ ಅನ್ನುವುದು ಗೊತ್ತಾಯಿತು. ಆಮೇಲೆ ಸೀರೆ ಯಾಕೆ ಉಡಬೇಕು ಅನ್ನಿಸಿತು.

ಬ್ಯಾಗಿನ ಬಾಯಿ ತೆರೆಸಿದರೆ ಮೈಸೂರಿನ ಅಡುಗೆಮನೆಗಳೆಲ್ಲ ಕಾಣುತ್ತಿದ್ದವು. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಬೇಯಿಸಿದ ಕಡಲೆಕಾಯಿ, ಚಿತ್ರಾನ್ನ. ಮಗುವಿನ ಬಟ್ಟೆಯೊಳಗೆ ಮೊಸರನ್ನ. ಛತ್ರಿಯೊಳಗೆ ಸೌತೆಕಾಯಿ.

"ಏನಮ್ಮ ಇದು ಡಬ್ಬೀಲಿ?"

"ಮಾತ್ರೆ ಕಣ್ರೀ. ಬೀಪಿದು."

"ಮಾತ್ರೆಗೆ ಕರಿಬೇವಿನ ಒಗ್ಗರಣೆ ಹಾಕಿದ್ದೀರಾ?"

ಇದು ದಿನಕ್ಕೆ ಹತ್ತು ಸಲ. ಲಕ್ಷ್ಮೀಪುರಂನಿಂದ ಒಬ್ಬ ಅಜ್ಜಿ ಬರುತ್ತಿದ್ದರು, ನನಗಿಂತ ಹಿರಿಯರು, ಮೂಗಿನ ಎರಡೂ ಕಡೆ ಬೇಸರಿ. ಕೈಯಲ್ಲಿ ಜಪದ ಚೀಲ. ಮುಟ್ಟಿ ನೋಡಿದೆ. ಮಣಿ ತುಂಬ ದಪ್ಪ.

"ಜಪಮಣಿ ಇಷ್ಟು ದೊಡ್ಡದಿರುತ್ತಾ ಅಮ್ಮಾ?"

"ಹೊಡೆದಾಟ ಬಂದ್ರೆ ನಂಗೆ ಭಯ ಆಗುತ್ತೆ ಕಣಮ್ಮ, ಜಪ ಬೇಕೇ ಬೇಕು. ನೀನೂ ಒಂದು ಜಪ ಮಾಡು," ಎಂದು ನನ್ನ ಬಾಯಿಗೆ ಒಂದು ಕೋಡುಬಳೆ ಹಾಕಿದರು. ತಿಂದೆ. ಒಳಗೆ ಬಿಟ್ಟೆ. ಲಂಚ ಅನ್ನುವುದಾದರೆ ಅನ್ನಿ, ಅಷ್ಟು ಹದವಾದ ಕೋಡುಬಳೆ ಮತ್ತೆ ಸಿಗಲಿಲ್ಲ.

ಆ ಕೆಲಸ ನನಗೆ ಎರಡು ವಿದ್ಯೆ ಕಲಿಸಿತು. ಒಂದು, ತಿಂಡಿ ಇರುವ ಬ್ಯಾಗನ್ನು ದೂರದಿಂದಲೇ ಗುರುತಿಸುವುದು. ಬ್ಯಾಗಿನಲ್ಲಿ ದುಡ್ಡಿದ್ದರೆ ಹೆಂಗಸು ಅದನ್ನು ಭುಜಕ್ಕೆ ಹಾಕಿಕೊಳ್ಳುತ್ತಾಳೆ. ತಿಂಡಿ ಇದ್ದರೆ ಹೊಟ್ಟೆಗೆ ಅವುಚಿಕೊಳ್ಳುತ್ತಾಳೆ, ಅದು ಪುಡಿಯಾಗಬಾರದಲ್ಲ. ಒಂದು ಸಲವೂ ನನ್ನ ಲೆಕ್ಕ ತಪ್ಪಿಲ್ಲ. ಇನ್ನೊಂದು, ಇಂಗ್ಲಿಷ್. ನನಗೆ ಇಂಗ್ಲಿಷ್ ಎ ಯಿಂದ ಎಲ್ ವರೆಗೆ ಬರುತ್ತದೆ. ಅದರಾಚೆ ಗೊತ್ತಿಲ್ಲ, ಯಾಕೆಂದರೆ ಟಾಕೀಸಿನಲ್ಲಿ ಅಷ್ಟೇ ಸಾಲುಗಳಿದ್ದವು. ಪರದೆಯ ಹತ್ತಿರ, ಎಲ್ಲಕ್ಕಿಂತ ಕೆಳಗೆ ಎ. ಒಂದೊಂದು ಸಾಲಿಗೂ ಒಂದೊಂದು ಅಗಲದ ಮೆಟ್ಟಿಲು. ಹತ್ತುತ್ತಾ ಹೋದರೆ ಗೋಡೆಗಂಟಿಕೊಂಡು ಎಲ್. ಎಲ್ಲರಿಗೂ ಎಲ್ ಬೇಕು. ಎ ಯಲ್ಲಿ ಕೂತರೆ ನಾಯಕನ ಮೂಗಿನ ಹೊಳ್ಳೆ ಮಾತ್ರ ಕಾಣುತ್ತಿತ್ತು. ಸೀಟು ತೋರಿಸುವವರು ರಜ ಹಾಕಿದ ದಿನ ನನ್ನ ಕೈಗೆ ಟಾರ್ಚು ಕೊಡುತ್ತಿದ್ದರು. ಎಷ್ಟೋ ಜನ ಬಿ ಟಿಕೆಟ್ಟು ಹಿಡಿದುಕೊಂಡು ಎಲ್ ಸಾಲಿನಲ್ಲಿ ನಿದ್ದೆ ಬಂದವರಂತೆ ಕಣ್ಣು ಮುಚ್ಚಿರುತ್ತಿದ್ದರು. ಮುಖಕ್ಕೆ ಟಾರ್ಚು ಬಿಟ್ಟು "ಟಿಕೆಟ್ ತೋರ್ಸಿ" ಎಂದರೆ ಸಾಕು, ಎಂಥ ಗಂಡಸಾದರೂ ಎದ್ದು ಕೆಳಗಿಳಿಯುತ್ತಿದ್ದ.

ಟಾಕೀಸು ಮುಚ್ಚಿದ್ದಕ್ಕೆ ದೊಡ್ಡ ಕತೆಯೇನೂ ಇಲ್ಲ. ಕೊರೊನಾ ಬಂತು, ಬಾಗಿಲು ಹಾಕಿದರು. ತೆರೆದರು, ಮತ್ತೆ ಹಾಕಿದರು. ಮತ್ತೆ ತೆರೆಯುವ ಹೊತ್ತಿಗೆ ಜನ ಹಾಸಿಗೆಯಲ್ಲಿ ಮಲಗಿ ಫೋನಿನಲ್ಲಿ ಸಿನಿಮಾ ನೋಡುವುದು ಕಲಿತಿದ್ದರು. ಅಲ್ಲಿ ಕೋಡುಬಳೆಗೆ ಅಡ್ಡಿಯಿಲ್ಲ. ಕೆಳಗಿನ ಅಂಗಡಿಗಳು ಒಂದೊಂದಾಗಿ ಖಾಲಿಯಾದವು. ಓಡುವ ಮೆಟ್ಟಿಲು ಕೆಟ್ಟು ಬರೀ ಮೆಟ್ಟಿಲಾಯಿತು. ಒಂದು ಸೋಮವಾರ ನಮ್ಮನ್ನೆಲ್ಲ ಕರೆದು ನಾಳೆಯಿಂದ ಬರುವುದು ಬೇಡ ಎಂದರು. ಕೆಲವರು ಅತ್ತರು. ನಾನು ಪ್ಯಾಂಟು ವಾಪಸು ಕೊಡಲಿಲ್ಲ.

ಸೀಟುಗಳನ್ನು ಕಿತ್ತು ಮಾರಿದರು. ಮೂರು ಮೂರು ಒಟ್ಟಿಗೆ ಅಂಟಿಕೊಂಡಿದ್ದರಿಂದ ಒಂದೇ ಬೇಕೆಂದರೆ ಕೊಡಲಿಲ್ಲ. ನಮ್ಮ ರಸ್ತೆಯ ಕ್ಷೌರದಂಗಡಿಯವನು ಮೂರು ತಂದು ಕಾಯುವವರಿಗೆ ಹಾಕಿದ್ದಾನೆ. ಲೋಟ ಇಡುವ ತೂತಿನಲ್ಲಿ ಬಾಚಣಿಗೆ ಇಟ್ಟಿದ್ದಾನೆ. ಕೀಳುವಾಗ ಸೀಟುಗಳ ಅಡಿಯಲ್ಲಿ ಏನೇನು ಸಿಕ್ಕಿತು ಅಂದರೆ, ಒಂಟಿ ಓಲೆಗಳು, ಒಂಟಿ ಕಾಲುಚೀಲಗಳು, ಒಂದು ಹಲ್ಲಿನ ಸೆಟ್ಟು. ಹಲ್ಲು ಬಿಟ್ಟುಹೋದವರು ಮನೆಗೆ ಹೋಗಿ ಏನು ಹೇಳಿದರೋ!

ಇಡೀ ಟಾಕೀಸಿನಲ್ಲಿ ಉಳಿದವನು ಮಿಶಿನ್ ಆಪರೇಟರ್ ಒಬ್ಬ. ಸಿನಿಮಾ ಬಿಡುತ್ತಿದ್ದವನು. ಮಾಲ್‌ನವರು ಅವನ ಕೈಗೆ ಬೀಗದ ಕೈ ಗೊಂಚಲು ಕೊಟ್ಟು, ಎರಡು ಸ್ಕ್ರೀನುಗಳನ್ನು ಮದುವೆಗೆ ಬಾಡಿಗೆಗೆ ಬಿಡು ಎಂದಿದ್ದರು. ಯಾರೂ ಬಂದಿರಲಿಲ್ಲ.

ಅಂಥ ಹೊತ್ತಿನಲ್ಲಿ ತಂಗಿ ಫೋನು ಮಾಡಿದಳು. ಲಗ್ನಪತ್ರಿಕೆ ಅಚ್ಚಾಗಿ ಹಂಚಿಯೂ ಆಗಿತ್ತು. ಗೊತ್ತು ಮಾಡಿದ್ದ ಛತ್ರದ ಅಡುಗೆಮನೆಯ ಸೂರು ಬಿದ್ದುಹೋಗಿದೆ, ಬೇರೆ ಕಡೆ ನೋಡಿಕೊಳ್ಳಿ ಎಂದುಬಿಟ್ಟಿದ್ದರು. ಮದುವೆಗೆ ಹನ್ನೆರಡು ದಿನ. ಆ ತಿಂಗಳು ಊರಿನ ಯಾವ ಛತ್ರವೂ ಖಾಲಿ ಇಲ್ಲ.

"ನಮ್ಮ ಟಾಕೀಸಲ್ಲೇ ಮಾಡೋಣ," ಎಂದೆ.

"ಅಯ್ಯೋ, ಟಾಕೀಸಲ್ಲಿ ಮದುವೆ ಮಾಡಿದ್ರೆ ಜನ ಏನಂದಾರಕ್ಕ?"

"ಟಿಕೆಟ್ ಇಲ್ದಂಗೆ ನೋಡ್ಕೊಂಡು ಬಂದೋ ಅಂತಾರೆ. ಬಾ ಸುಮ್ನೆ."

ಅವಳ ಭಯ ಜನರದ್ದಲ್ಲ. ಗಂಡಿನ ದೊಡ್ಡಪ್ಪನದು. ಆ ಮನೆಯಲ್ಲಿ ಅವರ ಮಾತೇ ಕೊನೆ. ಹಿಂದೆ ಆ ಮನೆಗೆ ಬಂದ ದೊಡ್ಡ ಸೊಸೆಯ ಮದುವೆಯಲ್ಲಿ, ಎಲೆಯ ತುದಿ ಎಡಕ್ಕಿರಬೇಕಾದ್ದು ಬಲಕ್ಕಿದೆ ಎಂದು ಅವರು ಊಟಕ್ಕೆ ಕೂತವರು ಎದ್ದುಹೋಗಿದ್ದರು. ಎಲೆಯ ಮುಂದಿನಿಂದ ಎದ್ದರೆ ಸಂಬಂಧವೇ ಎದ್ದಂತೆ. ಆ ಸೊಸೆ ನಾಲ್ಕು ಯುಗಾದಿ ತವರಿನ ಹೊಸಿಲು ತುಳಿಯಲಿಲ್ಲ. ಕಳಿಸಲಿಲ್ಲ, ಅಷ್ಟೆ.

"ಅವರು ಎಲೆ ಬುಟ್ಟು ಎದ್ರೆ ನನ್ ಕೂಸು ಮನೆಗೆ ಬರೋದೇ ನಿಂತೋಯ್ತದೆ ಕಣಕ್ಕ," ಎಂದಳು ತಂಗಿ. "ಅಂಗೇನಾದ್ರೂ ಆದ್ರೆ ನೀನೂ ನನ್ ಮನೆ ಕಡೆ ಬರ್ಬ್ಯಾಡ."

"ನಾನಿದ್ದೀನಿ, ಅವರು ಉಂಡೇ ಏಳ್ತಾರೆ," ಎಂದೆ. ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಹೇಳಿದ ಮೇಲೆ ಆಯಿತಲ್ಲ.

ಒಂದನೇ ಸ್ಕ್ರೀನಿನಲ್ಲಿ ಧಾರೆ, ಎರಡನೆಯದರಲ್ಲಿ ಊಟ ಎಂದು ಗೊತ್ತು ಮಾಡಿದೆವು. ಗೋಡೆಗಳೆಲ್ಲ ಕಪ್ಪು. ಮದುವೆಗೆ ಕಪ್ಪು ಆಗುತ್ತದೆಯೇ ಎಂದು ತಂಗಿ ಎದೆ ಹಿಡಿದುಕೊಂಡಳು. ಶಾಮಿಯಾನದವರಿಂದ ಹಳದಿ ಬಟ್ಟೆ ತರಿಸಿ ಹೊದಿಸಿದೆವು. ಊಟದ ಕಡೆ ಟೇಬಲ್ಲು ಹಾಕಲು ಹೋದರೆ ಮೆಟ್ಟಿಲ ಮೇಲೆ ಟೇಬಲ್ಲು ಹಿಡಿಸಲಿಲ್ಲ. ಅಡುಗೆ ಭಟ್ಟರು ತಲೆ ಕೆರೆದುಕೊಂಡರು. ನಾನು ಹೇಳಿದೆ: ಟೇಬಲ್ಲು ಯಾಕೆ, ಹಿಂದಿನಂತೆ ಚಾಪೆ ಹಾಸಿ ನೆಲದಲ್ಲಿ ಕೂರಿಸಿ. ಬಿ ಸಾಲಿನಲ್ಲಿ ಊಟದವರು, ಅದರ ಕೆಳಗಿನ ಎ ಸಾಲಿನಲ್ಲಿ ಬಡಿಸುವವರು. ಡಿ ಯಲ್ಲಿ ಊಟ, ಸಿ ಯಲ್ಲಿ ಬಡಿಸುವವರು. ಹೀಗೇ ಎಲ್ ವರೆಗೆ, ಒಂದು ಬಿಟ್ಟು ಒಂದು. ಬಡಿಸುವವರು ಒಂದು ಮೆಟ್ಟಿಲು ಕೆಳಗೆ ನಿಂತರೆ ಎಲೆ ಅವರ ಮಂಡಿಯ ಹತ್ತಿರ ಬರುತ್ತದೆ, ಸೊಂಟ ಬಗ್ಗಿಸುವ ಕಷ್ಟ ಅರ್ಧ ಕಡಿಮೆ.

ಭಟ್ಟರು ಒಂದು ಖಾಲಿ ಬಕೆಟ್ಟು ಹಿಡಿದು ನಡೆದು ನೋಡಿದರು. "ಮೂವತ್ತು ವರ್ಷದಿಂದ ಬಗ್ಗೀ ಬಗ್ಗೀ ಸೊಂಟ ಹೋಗಿದೆ. ಈ ಬುದ್ಧಿ ಯಾವ ಛತ್ರದೋರಿಗೂ ಬರಲಿಲ್ಲವಲ್ಲಮ್ಮಾ!" ಎಂದರು.

ನಾನು ಬಹಳ ಉಬ್ಬಿದೆ. ಆ ಮೆಟ್ಟಿಲುಗಳಲ್ಲಿ ಯಾರು ಎಲ್ಲಿ ಕೂರಬೇಕು ಅನ್ನುವುದನ್ನು ಮಾತ್ರ ಯೋಚಿಸಲಿಲ್ಲ. ಅಷ್ಟು ವರ್ಷ ಜನರನ್ನು ಸಾಲಿಗೆ ಕೂರಿಸಿದವಳು ನಾನೇ.

ಧಾರೆ ಚೆನ್ನಾಗಿಯೇ ಆಯಿತು. ವಾಲಗದವರಿಗೆ ಮಾತ್ರ ಗೋಳು. ಟಾಕೀಸಿನ ಗೋಡೆ ಸದ್ದನ್ನೆಲ್ಲ ನುಂಗುತ್ತದೆ. ತಾವು ಊದಿದ್ದು ತಮಗೇ ಕೇಳಿಸುತ್ತಿಲ್ಲ ಎಂದು ಅವರು ಇನ್ನೂ ಜೋರಾಗಿ ಊದಿದರು. ಕಣ್ಣು ಹೊರಗೆ ಬಂದವು. ತಾಳಿ ಕಟ್ಟುವ ಹೊತ್ತಿಗೆ ಡೋಲಿನವರು ಶರಟು ಬಿಚ್ಚಿದ್ದರು. ಅರುಂಧತಿ ನಕ್ಷತ್ರ ತೋರಿಸಲು ಆಕಾಶ ಬೇಕಲ್ಲ, ಅಲ್ಲಿ ಕಿಟಕಿಯೇ ಇಲ್ಲ. ಆಪರೇಟರ್ ಬೆಂಕಿ ಬಿದ್ದರೆ ಓಡುವ ಬಾಗಿಲು ತೆರೆದ. ಕಬ್ಬಿಣದ ಮೆಟ್ಟಿಲ ಮೇಲೆ ಗಂಡು ಹೆಣ್ಣು ನಿಂತರು. ಪುರೋಹಿತರು ಬಿಸಿಲಿಗೆ ಬೆರಳು ಮಾಡಿ "ಕಾಣಿಸ್ತೇನಮ್ಮ?" ಎಂದರು. "ಹೂಂ" ಎಂದಳು ಹುಡುಗಿ. ಅವಳಿಗೆ ಕಾಣಿಸಿದ್ದು ಕೆಳಗೆ ನಿಂತಿದ್ದ ಐಸ್‌ಕ್ರೀಂ ಗಾಡಿ. ಆಮೇಲೆ ನನಗೆ ಅವಳೇ ಹೇಳಿದ್ದು.

ಊಟದ ಬಾಗಿಲು ತೆಗೆದರು. ನಮ್ಮ ಹೆಣ್ಣಿನ ಕಡೆಯ ಜನ, ಬನ್ನಿಮಂಟಪದ ಅಕ್ಕಪಕ್ಕದವರು, ಕಡಕೊಳದವರು, ಎಲ್ಲ ಈ ಟಾಕೀಸಿನಲ್ಲಿ ಸಿನಿಮಾ ನೋಡಿದವರೇ. ಬಾಗಿಲು ತೆರೆದದ್ದೇ ತಡ, ಅಭ್ಯಾಸ ನೋಡಿ, ದಡದಡ ಮೇಲೆ ಹತ್ತಿ ಎಲ್, ಜೆ, ಎಚ್ ಸಾಲುಗಳಲ್ಲಿ ಚಕ್ಕಂಬಕ್ಕಳ ಹಾಕಿದರು. ಹಿಂದೆ ಬಿದ್ದವರು ಎಫ್, ಡಿ ಹಿಡಿದರು. ಒಬ್ಬ ಪಕ್ಕದ ಜಾಗಕ್ಕೆ ಕರವಸ್ತ್ರ ಕೂಡ ಹಾಕಿ ಹಿಡಿದಿಟ್ಟ. ಗಂಡಿನ ಕಡೆಯವರು ಹಳ್ಳಿಯವರು, ಮದುವೆ ಊಟದ ರೀತಿ ಬಲ್ಲವರು. ಗಂಡಿನ ಕಡೆಗೆ ಯಾವಾಗಲೂ ಮುಂದಿನ ಪಂಕ್ತಿ. ಅವರು ಗಂಭೀರವಾಗಿ ಬಂದರು. ನಾನೇ ಮುಂದೆ ನಿಂತು, "ಬನ್ನಿ, ಮುಂದೆ ಬನ್ನಿ, ಮೊದಲ ಪಂಕ್ತಿ ನಿಮ್ದೇ," ಎಂದು ದೊಡ್ಡಪ್ಪನನ್ನು ಕೈಹಿಡಿದು ಬಿ ಸಾಲಿನಲ್ಲಿ ಕೂರಿಸಿದೆ. ಎಲ್ಲಕ್ಕಿಂತ ಕೆಳಗೆ! ಟಾಕೀಸಿನಲ್ಲಿ ಯಾರಿಗೂ ಬೇಡದ ಸಾಲಿನಲ್ಲಿ!

ಎಲೆ ಹಾಕಿದರು. ತುದಿ ಎಡಕ್ಕಿದೆಯೇ ಎಂದು ಒಂದೊಂದನ್ನೂ ತಂಗಿ ಬಗ್ಗಿ ನೋಡಿದಳು. ಎಲ್ಲ ಸರಿ. ಲೋಟಗಳಿಗೆ ನೀರು ಬಂತು.

ನೀರು ಬಂದ ಮೇಲೆ ನಮ್ಮವರು ಏನು ಮಾಡುತ್ತಾರೆ? ಎಲೆಗೆ ನೀರು ಚಿಮುಕಿಸುತ್ತಾರೆ, ಅಂಗೈಯಿಂದ ಒರೆಸುತ್ತಾರೆ, ಆ ನೀರನ್ನು ಮುಂದಕ್ಕೆ ಜಾಡಿಸುತ್ತಾರೆ. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದು. ನೆಲದಲ್ಲಿ ಕೂತಾಗ ಆ ನೀರು ನೆಲಕ್ಕೆ ಬೀಳುತ್ತದೆ. ಇಲ್ಲಿ ಮೆಟ್ಟಿಲು. ಎಲ್ ಸಾಲಿನವರು ಜಾಡಿಸಿದ್ದು ಜೆ ಯವರ ಕತ್ತಿಗೆ, ಜೆ ಯವರದು ಎಚ್ ಸಾಲಿನ ಹೆಂಗಸರ ಮುಡಿಗೆ. ಎಚ್ ಸಾಲಿನವರು ಮಳೆ ಬಂತೇನೋ ಎಂದು ಮೇಲೆ ನೋಡುತ್ತಲೇ ತಮ್ಮದನ್ನೂ ಜಾಡಿಸಿದರು. ಎಲ್ಲರೂ ಒಂದೇ ಹೊತ್ತಿಗೆ. ಕೊನೆಗೆ ಡಿ ಸಾಲಿನ ನಮ್ಮ ಬೀದಿಯವಳೊಬ್ಬಳು, ಬಟ್ಟೆ ಒಗೆದು ಗಟ್ಟಿಯಾದ ಕೈ, ಒಂದು ಅಂಗೈ ನೀರು ಬೀಸಿದಳು. ಅದು ಹೋಗಿ ದೊಡ್ಡಪ್ಪನ ಬೋಳುತಲೆಯ ನಡುಮಧ್ಯಕ್ಕೆ ಪಟ್ಟೆಂದು ಬಿತ್ತು.

ಅವರು ನಿಧಾನಕ್ಕೆ ತಲೆ ಮುಟ್ಟಿಕೊಂಡರು. ನಿಧಾನಕ್ಕೆ ಹಿಂದೆ ತಿರುಗಿ ನೋಡಿದರು. ಅವರ ಹಣೆಯ ಮಟ್ಟಕ್ಕೆ ಡಿ ಸಾಲಿನವರ ಎಲೆಗಳು. ಅದರ ಮೇಲೆ ಎಫ್‌ನವರ ಮಂಡಿಗಳು. ಅದರ ಮೇಲೆ, ಅದರ ಮೇಲೆ, ಸೂರಿನವರೆಗೆ ಹೆಣ್ಣಿನ ಕಡೆಯವರು.

"ಏನ್ರೀ ಇದು?" ಎಂದರು. "ಗಂಡಿನ ಕಡೆಯೋರು ಕೆಳಗೆ, ಹೆಣ್ಣಿನ ಕಡೆಯೋರ ಕಾಲು ನಮ್ ತಲೆ ಮೇಲಾ? ಈಗ ನೀರು ಬಿತ್ತು. ಆಮೇಲೆ ಸಾರು ಬೀಳ್ತದೆ. ಅವರ ಎಂಜಲು ಸುರುಸ್ಕೊಳ್ಳಕ್ಕೆ ಬಂದಿದ್ದೀವಾ ನಾವು?"

ಎದ್ದು ನಿಂತರು. ಅವರು ಎದ್ದಿದ್ದು ನೋಡಿ ಬಿ ಸಾಲು ಪೂರ್ತಿ ಎದ್ದಿತು. ಉಪ್ಪು ಬಡಿಸುತ್ತಿದ್ದವನು ಚಮಚ ಹಿಡಿದುಕೊಂಡು ಹಾಗೇ ನಿಂತ. ತಂಗಿ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಬಾಗಿಲಲ್ಲಿ ಮದುಮಗಳು, ಹೂವಿನ ಜಡೆ ಹಿಡಿದುಕೊಂಡು, ನಾಲ್ಕು ಯುಗಾದಿಯನ್ನು ಎಣಿಸುವವಳಂತೆ ನಿಂತಿದ್ದಳು.

ನನಗೆ ಆಗ ಹೊಳೆದದ್ದು ಒಂದೇ. ಇದು ಛತ್ರವಲ್ಲ, ಟಾಕೀಸು. ಟಾಕೀಸಿನ ದೊಡ್ಡ ಮರ್ಯಾದೆ ಎಲ್ಲಿದೆಯೋ ಅಲ್ಲಿಗೆ ಇವರನ್ನು ಕೂರಿಸಬೇಕು.

"ತಪ್ಪು ನಂದು ಯಜಮಾನ್ರೇ," ಎಂದೆ. "ನಿಮ್ ಜಾಗ ಇದಲ್ಲ. ಮೇಲಿನ ಸಾಲು ನಿಮ್ದು. ಬಾಲ್ಕನಿ. ಒಂದ್ ನಿಮಿಷ ನಿಲ್ಲಿ."

ಆಪರೇಟರ್ ಸೊಂಟದಲ್ಲಿದ್ದ ಟಾರ್ಚನ್ನು ಕಿತ್ತುಕೊಂಡೆ. ಸೀರೆ ಎತ್ತಿ ಕಟ್ಟಿ ಮೆಟ್ಟಿಲು ಹತ್ತಿದೆ. ಎಲ್ ಸಾಲಿನ ಮೊದಲನೆಯವನ ಮುಖಕ್ಕೆ ಟಾರ್ಚು ಬಿಟ್ಟೆ. ಹಗಲು, ಮೇಲೆ ಅಷ್ಟು ದೀಪಗಳಿವೆ, ಆದರೂ ಬಿಟ್ಟೆ.

"ಯಾವ ಸಾಲು ನಿಮ್ದು?"

ಅವನು ಕಣ್ಣು ಕಿವುಚಿ ಜೇಬು ತಡವಿಕೊಂಡ. ನಿಜವಾಗಿಯೂ ಟಿಕೆಟ್ಟು ಹುಡುಕಿದ!

"ಬಿ ಸಾಲು ನಿಮ್ದು. ಏಳಿ. ನೀವೂ ಏಳಿ. ಕರ್ಚೀಪು ಯಾರ್ದು? ಎತ್ಕೊಳ್ಳಿ. ಲೋಟ ಕೈಲಿಡ್ಕೊಂಡು ಇಳೀರಿ. ಜಲ್ದಿ, ಜಲ್ದಿ, ಶೋ ಶುರುವಾಯ್ತದೆ."

ಎದ್ದರು. ಒಬ್ಬನೂ ಯಾಕೆ ಎಂದು ಕೇಳಲಿಲ್ಲ. ಇಡೀ ಎಲ್ ಸಾಲು ತಲೆ ತಗ್ಗಿಸಿಕೊಂಡು, ಮೊದಲಿನಂತೆಯೇ, ಸಿಕ್ಕಿಬಿದ್ದವರ ನಡಿಗೆಯಲ್ಲಿ ಕೆಳಗಿಳಿಯಿತು. ಭಟ್ಟರ ಕಡೆಯವರು ಹೊಸ ಎಲೆ ಹಾಕುತ್ತಾ ನನ್ನ ಹಿಂದೆ ಓಡಿದರು.

ಕೆಳಗೆ ದೊಡ್ಡಪ್ಪ ಇನ್ನೂ ಬಿಗಿದುಕೊಂಡೇ ನಿಂತಿದ್ದರು. ಮೆಟ್ಟಿಲುಗಳನ್ನು ಕಣ್ಣಿನಿಂದ ಎಣಿಸಿ ಹೇಳಿದರು:

"ಮಂಡಿ ನೋವು ನಂಗೆ. ಇಷ್ಟು ಹತ್ತಕ್ಕಾಗಲ್ಲ. ನಡೀರೋ, ಹೊರಡಣ."

ಇದಕ್ಕೆ ನನ್ನ ಹತ್ತಿರ ಟಾರ್ಚಿರಲಿಲ್ಲ. ಆಪರೇಟರ್ ಮುಂದೆ ಬಂದ. ಅವನು ಮಾತು ಕಡಿಮೆಯ ಮನುಷ್ಯ, ಜೀವನವೆಲ್ಲ ಕತ್ತಲ ಕೋಣೆಯಲ್ಲಿ ಒಬ್ಬನೇ ಇದ್ದವನು.

"ಮಿಶಿನ್ ರೂಮಿಂದ ಕರ್ಕೊಂಡ್ಹೋಗ್ತೀನಿ ಬನ್ನಿ ಸಾರ್," ಎಂದ. "ಸಾಮಾನಿನ ಲಿಫ್ಟ್ ಇದೆ. ಸೀದಾ ಮೇಲಿನ ಸಾಲಿನ ಹಿಂದಕ್ಕೆ ಹೋಗುತ್ತೆ. ಅಲ್ಲಿಗೆ ಪಬ್ಲಿಕ್ಕನ್ನ ಬಿಡಲ್ಲ."

ದೊಡ್ಡಪ್ಪ ತಲೆ ಎತ್ತಿದರು. "ಮಿಶಿನ್ ಅಂದ್ರೆ? ಸಿನಿಮಾ ಬುಡೋ ಮಿಶಿನ್ನಾ?"

"ಹೌದು ಸಾರ್."

"ಚಿಕ್ಕೋನಿದ್ದಾಗ ಟೆಂಟಲ್ಲಿ ಅದನ್ನ ನೋಡಕ್ಕೋಗಿ ಒದೆ ತಿಂದಿದ್ದೆ," ಎಂದರು. "ಈಗ ಬುಡ್ತಾರಾ?"

ಆಪರೇಟರ್ ಬೀಗದ ಕೈ ಗೊಂಚಲನ್ನು ಎತ್ತಿ ಆಡಿಸಿದ. ಅಷ್ಟೇ. ಇಬ್ಬರೂ ಹೊರಟುಹೋದರು. ಅವರ ಹಿಂದೆ ಬಿ ಸಾಲಿನವರೆಲ್ಲ ಹೊರಟರು.

ಹೋದವರು ಬರಲೇ ಇಲ್ಲ. ಹತ್ತು ನಿಮಿಷವಾಯಿತು. ಎಲೆಗಳ ಮೇಲೆ ಉಪ್ಪು, ಉಪ್ಪಿನಕಾಯಿ ಮಾತ್ರ. ಸಾಲು ಸಾಲು ಜನ ಹಸಿದುಕೊಂಡು ಮುಂದಿನ ಖಾಲಿ ಗೋಡೆ ನೋಡುತ್ತಾ ಕೂತಿದ್ದಾರೆ. ಗಂಡಿನ ದೊಡ್ಡಪ್ಪ ಕೂರದೆ ಅನ್ನ ಬಡಿಸುವಂತಿಲ್ಲ. "ಅಂಗೇ ಊರಿಗೋಗ್ಬುಟ್ರಾ ಏನಕ್ಕ?" ಎಂದು ತಂಗಿ ನನ್ನ ತೋಳು ಚಿವುಟಿದಳು. ಆ ಗಾಯ ವಾರ ಇತ್ತು.

ಆಗ ಮೇಲಿನಿಂದ ಒಂದು ಧ್ವನಿ ಬಂತು.

"ಎಲ್ಲಾ ಕುಂತ್ಕಂಡ್ರಾ?"

ಇಡೀ ಸ್ಕ್ರೀನು ಹಿಂದೆ ತಿರುಗಿತು. ಗೋಡೆಯ ಮೇಲುಗಡೆ, ಸಿನಿಮಾದ ಬೆಳಕು ಬರುತ್ತಿದ್ದ ಚೌಕದ ತೂತಿತ್ತಲ್ಲ, ಮಿಶಿನ್ನು ಪಕ್ಕಕ್ಕೆ ಸರಿಸಿದ ಮೇಲೆ ಗಾಜೂ ಹೋಗಿತ್ತು. ಆ ತೂತಿನಲ್ಲಿ ದೊಡ್ಡಪ್ಪನ ಬೋಳುತಲೆ, ಕಿವಿಯಿಂದ ಕಿವಿಗೆ ನಗು.

"ಇಲ್ಲಿಂದ ಎಲ್ಲಾ ಕಾಣ್ತದೆ ಕಣ್ರೋ! ಏಯ್, ಪಲ್ಯದೋನೇ, ಆ ಮೂಲೆ ಅಜ್ಜಿಗೆ ಉಪ್ಪಿನಕಾಯಿ ಬಿದ್ದಿಲ್ಲ. ಆ ಕೆಂಪು ಸೀರೆಯಮ್ಮಂಗೆ ಎಲೆ ಹರಿದೈತೆ, ಬದಲಾಯ್ಸು. ಬಡಿಸ್ರಪ್ಪಾ, ಬಡಿಸ್ರಪ್ಪಾ, ಶುರು ಮಾಡಿ!"

ಯಾರೋ ಶಿಳ್ಳೆ ಹೊಡೆದರು. ಆಮೇಲೆ ಎಲ್ಲರೂ ಹೊಡೆದರು. ಪುರೋಹಿತರೂ ಬೆರಳು ಬಾಯಿಗೆ ಹಾಕಿದ್ದನ್ನು ನಾನು ಕಂಡೆ.

ಅವರನ್ನು ಆ ತೂತಿನಿಂದ ಬಿಡಿಸಿ ಎಲ್ ಸಾಲಿನಲ್ಲಿ ಕೂರಿಸುವುದು ಕೂತವರನ್ನು ಎಬ್ಬಿಸಿದ್ದಕ್ಕಿಂತ ಕಷ್ಟವಾಯಿತು. ಕೂತ ಮೇಲೂ ಮೇಲ್ವಿಚಾರಣೆ ಬಿಡಲಿಲ್ಲ. ಬಕೆಟ್ಟುಗಳು ಮೊದಲು ಮೇಲೆ ಹತ್ತಿ ಆಮೇಲೆ ಸಾಲು ಸಾಲಾಗಿ ಇಳಿದವು. ಕೋಸಂಬರಿ, ಪಲ್ಯ, ಬಿಸಿಬೇಳೆಬಾತು, ಅನ್ನ ಸಾರು. ತಿಳಿಸಾರು ಮಾತ್ರ ಒಂದೆರಡು ಎಲೆಗಳಿಂದ ಜಾರಿ ಕೆಳಗಿನವರಿಗೆ ಹೋಯಿತು. ಈ ಸಲ ಕೆಳಗಿದ್ದವರು ನಮ್ಮವರೇ, ಅದಕ್ಕೆ ಬೆಲೆಯಿಲ್ಲ. ಲಾಡು ಬಂದಾಗ ದೊಡ್ಡಪ್ಪ ಬೇಡ ಬೇಡ ಎಂದು ಎಲೆಗೆ ಎರಡೂ ಕೈ ಅಡ್ಡ ಹಿಡಿದರು, ಬೆರಳುಗಳ ನಡುವೆ ಮಾತ್ರ ಒಂದು ಲಾಡು ಹಿಡಿಸುವಷ್ಟು ಸಂದಿ ಬಿಟ್ಟಿದ್ದರು. ಮೂರು ಸಲ ಹಾಗೆ ಬೇಡವೆಂದರು.

ಉಂಡು ಎದ್ದರು. ಆದರೂ ತಂಗಿಗೆ ಧೈರ್ಯವಿಲ್ಲ. "ಈಗ ನಗ್ತಾರೆ, ಊರಿಗೋಗಿ ತಲೆಗೆ ನೀರು ಬಿದ್ದಿದ್ದು ನೆಪ್ಪು ಮಾಡ್ಕತ್ತಾರೆ," ಎಂದಳು. ಅದೂ ನಿಜವೇ. ಅಂಥವರಿಗೆ ಸಿಟ್ಟು ಮನೆ ಸೇರಿದ ಮೇಲೆ ಬರುವುದುಂಟು.

ಬಂದವರಿಗೆ ತೆಂಗಿನಕಾಯಿ ತಾಂಬೂಲ ಕೊಡಲು ನಾನು ಹೊರಬಾಗಿಲಲ್ಲಿ ನಿಂತಿದ್ದೆ. ನನ್ನ ಹಳೆಯ ಜಾಗ. ಎಡಗಾಲು ಇಟ್ಟಲ್ಲಿ ನೆಲದ ಹಾಸು ಸವೆದಿರುವುದು ನನ್ನಿಂದಲೇ. ಗಂಡಿನ ಕಡೆಯವರು ಹೊರಟರು. ದೊಡ್ಡಪ್ಪನ ಹೆಂಡತಿ ಬಂದರು. ತುಂಬ ಗೌರವದ ಹೆಂಗಸು, ಬೆಳಗಿನಿಂದ ಮೂರು ಮಾತು ಆಡಿದ್ದರೆ ಹೆಚ್ಚು. ಕೈಯಲ್ಲಿ ಬ್ಯಾಗು. ಬ್ಯಾಗನ್ನು ಹೊಟ್ಟೆಗೆ ಅವುಚಿಕೊಂಡಿದ್ದರು.

ನನ್ನ ಕೈ ನನ್ನನ್ನು ಕೇಳಲಿಲ್ಲ. ಹೋಗಿ ಬ್ಯಾಗು ಹಿಡಿದು ಜಿಪ್ಪು ಎಳೆದುಬಿಟ್ಟಿತು.

"ಅಕ್ಕಾ!" ಎಂದು ತಂಗಿ ಕಿರುಚಿದಳು.

ಬ್ಯಾಗಿನ ತುಂಬ ಲಾಡು. ಕಾಗದದ ಕರವಸ್ತ್ರದಲ್ಲಿ ಸುತ್ತಿ, ಒಡೆಯದಂತೆ ಸುತ್ತಲೂ ವೀಳ್ಯದೆಲೆ ಒತ್ತಿ, ಅಚ್ಚುಕಟ್ಟಾಗಿ ಜೋಡಿಸಿದ್ದರು. ಮೇಲೊಂದು ಹಪ್ಪಳ.

"ಅದು... ಮಾತ್ರೆ ಕಣವ್ವ," ಎಂದರು ಅವರು. "ಇವರ ಮಂಡಿದು."

ಹಿಂದೆಯೇ ದೊಡ್ಡಪ್ಪ ಬಂದರು. ಬ್ಯಾಗು ನೋಡಿದರು, ನನ್ನನ್ನು ನೋಡಿದರು. ಬೋಳುತಲೆಯವರೆಗೆ ಕೆಂಪಾದರು.

"ನಾನೇ ಹಾಕ್ಕೊಳ್ಳೇ ಅಂದಿದ್ದು," ಎಂದರು. "ಏನೀಗ? ನಮ್ ಬೀಗರ ಮನೆ ಲಾಡು. ತಕ್ಕೊಂಡೋಗಬಾರ್ದಾ?"

ಬೀಗರ ಮನೆ ಎಂದರು. ನಾಲ್ಕು ಜನರ ಮುಂದೆ, ಜೋರಾಗಿ. ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಅಳುವೋ ನಗುವೋ ನನಗೆ ಗೊತ್ತಾಗಲಿಲ್ಲ. ಅವರೇ ಅವಳ ಕಡೆ ತಿರುಗಿದರು.

"ಯುಗಾದಿಗೆ ಹುಡುಗೀನ ಕಳುಸ್ತೀವಿ ಕಣಮ್ಮ. ವಾಪಸು ಬರುವಾಗ ಬರಿಗೈಲಿ ಬರಬ್ಯಾಡ ಅಂತ ಹೇಳಿ. ಇದೇ ಭಟ್ಟರ ಕೈದು ಆಗಬೇಕು."

ನಾನು ತಾಂಬೂಲದ ಬುಟ್ಟಿಯ ಪಕ್ಕದಲ್ಲಿದ್ದ ತಟ್ಟೆಯಿಂದ ಇನ್ನೂ ನಾಲ್ಕು ಲಾಡು ಎತ್ತಿ ಬ್ಯಾಗಿಗೆ ತುರುಕಿದೆ. ಹಪ್ಪಳ ಮುರಿಯಿತು. ಜಿಪ್ಪು ಎಳೆದು, ಬ್ಯಾಗನ್ನು ದೊಡ್ಡಮ್ಮನ ಹೊಟ್ಟೆಗೆ ಒತ್ತಿ ಕೊಟ್ಟೆ.

"ಹೋಗಿ, ಹೋಗಿ," ಎಂದೆ. "ಬಾಗಿಲಲ್ಲಿ ನಿಲ್ಲಬ್ಯಾಡಿ. ಹಿಂದೆ ಜನ ಅವ್ರೆ."